ಬಂದು ಹೋದ ಅಮ್ಮ, ಹಾಕಿಸಿಕೊಂಡ ದೇವಿ: ರೋಗನಿರೋಧಕತೆಯ ಎರಡು ದಾರಿಗಳು ಮತ್ತು ಆರೈಕೆ ಮಾಡುವವರ ಚರಿತ್ರೆ

ಪ್ರವೇಶ

2021ರ ಜನವರಿ 16ರಂದು ಭಾರತದಲ್ಲಿ ಕೋವಿಡ್-19 ಲಸಿಕೆ ನೀಡಿಕೆ ಆರಂಭವಾದಾಗ ಮೊದಲ ಸರದಿ ಆರೋಗ್ಯ ಕಾರ್ಯಕರ್ತರದಾಗಿತ್ತು. ವೈದ್ಯರು, ದಾದಿಯರು, ಪ್ರಯೋಗಾಲಯದ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯ ಸ್ವಚ್ಛತಾ ಕೆಲಸಗಾರರು ಈ ಸಾಲಿನಲ್ಲಿದ್ದರು. ಇವರಲ್ಲಿ ಅನೇಕರಿಗೆ ಹಿಂದಿನ ವರ್ಷವೇ ಸೋಂಕು ತಗುಲಿ ಗುಣವಾಗಿತ್ತು. ರೋಗ ಬಂದು ಹೋದ ದೇಹಕ್ಕೆ ಲಸಿಕೆಯ ಅಗತ್ಯವಿದೆಯೇ, ರೋಗದಿಂದ ದೊರೆತ ರಕ್ಷಣೆ ಹೆಚ್ಚು ಗಟ್ಟಿಯೋ ಲಸಿಕೆಯಿಂದ ದೊರೆತದ್ದೋ ಎಂಬ ಪ್ರಶ್ನೆ ಆಸ್ಪತ್ರೆಗಳ ಒಳಗೂ ಹೊರಗೂ ಚರ್ಚೆಗೆ ಬಂದಿತು. ವಿಜ್ಞಾನಿಗಳು ಇದಕ್ಕೆ ಉತ್ತರವನ್ನು ಆರೋಗ್ಯ ಕಾರ್ಯಕರ್ತರ ರಕ್ತದಲ್ಲಿಯೇ ಹುಡುಕಿದರು.

ಈ ಪ್ರಶ್ನೆ ಹೊಸದೆಂದು ಭಾವಿಸಲು ಕಾರಣವಿಲ್ಲ. ಪ್ರತಿಕಾಯವೆಂಬ ಪರಿಕಲ್ಪನೆ ರೂಪುಗೊಳ್ಳುವುದಕ್ಕೆ ಬಹಳ ಹಿಂದೆಯೇ, ರೋಗಿಯ ಹತ್ತಿರ ಯಾರು ಹೋಗಬಹುದು, ಯಾರು ಹೋಗಬಾರದು ಎಂಬ ವ್ಯವಹಾರದ ತೀರ್ಮಾನದಲ್ಲಿ ಈ ಪ್ರಶ್ನೆ ಅಡಗಿತ್ತು. ಸಿಡುಬಿನ ಕಾಲದಿಂದ ಕೋವಿಡ್ ಕಾಲದವರೆಗೆ ಈ ಎರಡು ರಕ್ಷಣೆಗಳ ತುಲನೆ ಹೇಗೆ ನಡೆದುಬಂದಿದೆ ಎಂಬುದನ್ನು ಪರಿಶೀಲಿಸುವುದು, ಆ ತುಲನೆಯಲ್ಲಿ ಆರೈಕೆ ಮಾಡುವವರ ದೇಹ ವಹಿಸಿದ ಪಾತ್ರವನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಯಾವುದು ಬಲವಾದದ್ದು ಎಂಬ ಪ್ರಶ್ನೆಯ ಹಿಂದೆ, ಯಾವುದಕ್ಕೆ ಎಷ್ಟು ಬೆಲೆ ತೆರಲಾಯಿತು ಮತ್ತು ಆ ಬೆಲೆಯನ್ನು ತೆತ್ತವರು ಯಾರು ಎಂಬ ಇನ್ನೊಂದು ಪ್ರಶ್ನೆ ಮರೆಯಾಗಿ ಉಳಿದಿದೆ ಎಂಬುದು ಇಲ್ಲಿಯ ಮುಖ್ಯ ವಾದ.

ಪದಗಳು ಉಳಿಸಿಕೊಂಡ ತಿಳಿವಳಿಕೆ

ಕನ್ನಡ ಜನಪದದಲ್ಲಿ ಸಿಡುಬಿಗೆ ರೋಗವೆಂಬ ಹೆಸರಿಗಿಂತ ‘ಅಮ್ಮ’, ‘ದೇವಿ’ ಎಂಬ ಹೆಸರುಗಳೇ ಹೆಚ್ಚು ಬಳಕೆಯಲ್ಲಿದ್ದವು. ‘ಅಮ್ಮ ಆಗಿದೆ’, ‘ಅಮ್ಮ ಬಂದಿದ್ದಾಳೆ’, ‘ಅಮ್ಮ ಇಳಿದಳು’ ಎಂಬ ಮಾತುಗಳು ರೋಗದ ಆರಂಭ, ಉಲ್ಬಣ, ಶಮನಗಳನ್ನು ದೇವತೆಯೊಬ್ಬಳ ಬರವು ಹೋಗುವಿಕೆಗಳಾಗಿ ವಿವರಿಸುತ್ತವೆ. ದೇವತೆ ಒಂದು ಮೈಯನ್ನು ಹೊಕ್ಕು, ಸೇವೆ ಪಡೆದು, ತೃಪ್ತಳಾಗಿ ಹೊರಟ ಮೇಲೆ ಮತ್ತೆ ಆ ಮೈಗೆ ಮರಳುವುದಿಲ್ಲ ಎಂಬ ನಂಬಿಕೆ ಈ ಪರಿಭಾಷೆಯ ತಳದಲ್ಲಿದೆ. ವೈದ್ಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಸಿಡುಬಿನ ಸೋಂಕಿನಿಂದ ದೊರೆಯುವ ದೀರ್ಘಕಾಲದ ನಿರೋಧಕತೆಯ ತಿಳಿವಳಿಕೆಯೇ ಆಗಿದೆ.

ಇದಕ್ಕಿಂತಲೂ ಗಮನಾರ್ಹವಾದುದು ಲಸಿಕೆಗೆ ಜನರು ಕೊಟ್ಟ ಹೆಸರು. ‘ದೇವಿ ಹಾಕಿಸುವುದು’, ‘ಮೈಲಿ ಹಾಕಿಸುವುದು’, ‘ದಾಕು ಹಾಕುವುದು’ ಎಂಬ ಪ್ರಯೋಗಗಳು ಕನ್ನಡದಲ್ಲಿ ಬಳಕೆಗೆ ಬಂದವು. ತಮಿಳಿನಲ್ಲಿ ‘ಅಮ್ಮೈ’ ಎಂದರೆ ಸಿಡುಬು. ಲಸಿಕೆ ಚುಚ್ಚುವುದನ್ನು ‘ಅಮ್ಮೈ ಕುತ್ತುದಲ್’ ಎಂದರು. ಮರಾಠಿಯಲ್ಲಿಯೂ ‘ದೇವಿ’ ಎಂಬ ಒಂದೇ ಪದ ರೋಗಕ್ಕೂ ಅದರ ಲಸಿಕೆಗೂ ಸಂಬಂಧಿಸಿ ಬಳಕೆಯಾಯಿತು. ಲಸಿಕೆಯನ್ನು ದೇವತೆಯ ವಿರೋಧಿಯೆಂದು ಕರೆಯದೆ ದೇವತೆಯ ಹೆಸರಿನಿಂದಲೇ ಕರೆದದ್ದರಲ್ಲಿ ಒಂದು ಗ್ರಹಿಕೆಯಿದೆ. ಒಂದು ಸಂದರ್ಭದಲ್ಲಿ ದೇವಿ ತಾನಾಗಿ ಬರುತ್ತಾಳೆ; ಇನ್ನೊಂದು ಸಂದರ್ಭದಲ್ಲಿ ಆಕೆಯನ್ನು ಸಣ್ಣ ಪ್ರಮಾಣದಲ್ಲಿ ಬರಮಾಡಿಕೊಳ್ಳಲಾಗುತ್ತದೆ. ಎರಡರ ಫಲವೂ ಒಂದೇ ಜಾತಿಯದು, ಬರುವ ರೀತಿ ಮಾತ್ರ ಬೇರೆ ಎಂಬ ಅರಿವು ಈ ಪದಗಳಲ್ಲಿ ಸ್ಪಷ್ಟವಾಗಿದೆ. ಇಂದು ಶಿಷ್ಟ ಬಳಕೆಯಲ್ಲಿರುವ ‘ಲಸಿಕೆ’ ಎಂಬ ಪದವೂ ಇಂತಹುದೇ ನೆನಪನ್ನು ಹೊತ್ತಿದೆ. ಸಂಸ್ಕೃತದ ‘ಲಸೀಕಾ’ ಎಂದರೆ ದೇಹದಿಂದ ಒಸರುವ ತೆಳು ದ್ರವ. ಬೊಕ್ಕೆಯಿಂದ ತೆಗೆದ ದ್ರವವನ್ನು ಇನ್ನೊಬ್ಬರ ತೋಳಿಗೆ ತಾಗಿಸುತ್ತಿದ್ದ ಕಾಲದ ವಿಧಾನ ಆ ಪದದೊಳಗೆ ಉಳಿದುಕೊಂಡಿದೆ.

ಆರೈಕೆಯ ವ್ಯವಸ್ಥೆ

ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಒಗ್ಗರಣೆ ಹಾಕದಿರುವುದು, ರೋಗಿಗೆ ಮೊಸರನ್ನ, ಅಂಬಲಿ, ಎಳನೀರಿನಂತಹ ತಂಪು ಆಹಾರ ಕೊಡುವುದು, ತುರಿಕೆಗೆ ಬೇವಿನ ಎಲೆಯಿಂದ ಸವರುವುದು, ಹಕ್ಕಳೆ ಉದುರಿದ ಮೇಲೆ ಅರಿಸಿನ ಬೇವು ಹಾಕಿದ ನೀರನ್ನು ಹುಯ್ಯುವುದು, ಕೊನೆಗೆ ಮಾರಮ್ಮನ ಗುಡಿಗೆ ತಂಬಿಟ್ಟಿನ ಆರತಿ ಒಯ್ಯುವುದು ಇವೆಲ್ಲ ಕರ್ನಾಟಕದ ಹಲವು ಭಾಗಗಳಲ್ಲಿ ಪರಿಚಿತವಾದ ಆಚರಣೆಗಳು. ಇವುಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದಾಗಲಿ, ಆಧುನಿಕ ವಿಜ್ಞಾನದ ಪೂರ್ವರೂಪವೆಂದು ಹೊಗಳುವುದಾಗಲಿ ಸುಲಭ. ಎರಡೂ ಅವಸರದ ನಿಲುವುಗಳು. ಆಚರಣೆಯ ಒಳಗಿದ್ದ ಕೆಲಸದ ಹಂಚಿಕೆಯನ್ನು ಗಮನಿಸುವುದು ಹೆಚ್ಚು ಉಪಯುಕ್ತ.

ಸಿಡುಬು ಆಗಾಗ ಮರುಕಳಿಸುತ್ತಿದ್ದ ಪ್ರದೇಶಗಳಲ್ಲಿ ಅದು ಪ್ರಧಾನವಾಗಿ ಮಕ್ಕಳ ಕಾಯಿಲೆಯಾಗಿತ್ತು. ವಯಸ್ಕರಲ್ಲಿ ಬಹುಪಾಲು ಜನರಿಗೆ ಅದು ಬಾಲ್ಯದಲ್ಲಿಯೇ ಬಂದು ಹೋಗಿರುತ್ತಿತ್ತು. ಆದ್ದರಿಂದ ಮಗುವಿನ ಹಾಸಿಗೆಯ ಬಳಿ ಕೂರುವ ತಾಯಿ, ಅಜ್ಜಿ, ಊರಿನ ಹಿರಿಯ ಹೆಂಗಸು ಇವರು ಸಾಮಾನ್ಯವಾಗಿ ರಕ್ಷಣೆ ಪಡೆದ ದೇಹಗಳನ್ನು ಹೊಂದಿದವರೇ ಆಗಿದ್ದರು. ಮುಖದ ಮೇಲಿನ ಮೈಲಿ ಕಲೆ ಅವರ ಅರ್ಹತೆಯ ಗುರುತು. ಮದುವೆಯ ಮಾತುಕತೆಯಲ್ಲಿ ಕುಂದೆನಿಸುತ್ತಿದ್ದ ಅದೇ ಕಲೆ ರೋಗದ ಮನೆಯಲ್ಲಿ ಪ್ರವೇಶಪತ್ರವಾಗುತ್ತಿತ್ತು.

ಈ ತಿಳಿವಳಿಕೆ ಒಂದು ನಾಡಿಗೆ ಸೀಮಿತವಾದುದಲ್ಲ. ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸ್ ನಗರವನ್ನು ಕಾಡಿದ ಸಾಂಕ್ರಾಮಿಕವನ್ನು ವರ್ಣಿಸುವಾಗ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್, ರೋಗಿಗಳ ಬಗ್ಗೆ ಹೆಚ್ಚು ಕರುಣೆ ತೋರಿದವರು ಅದೇ ರೋಗದಿಂದ ಚೇತರಿಸಿಕೊಂಡವರು ಎಂದು ದಾಖಲಿಸಿದ್ದಾನೆ. ಎರಡನೆಯ ಬಾರಿಗೆ ಆ ರೋಗ ಪ್ರಾಣ ತೆಗೆಯುವಷ್ಟು ತೀವ್ರವಾಗಿ ಬರುತ್ತಿರಲಿಲ್ಲ ಎಂಬುದು ಅವನು ಕೊಡುವ ಕಾರಣ. ಅವನು ಸ್ವತಃ ಆ ರೋಗಕ್ಕೆ ತುತ್ತಾಗಿ ಬದುಕಿದವನು. ಅವನ ವರ್ಣನೆಯ ಇನ್ನೊಂದು ಅಂಶವನ್ನೂ ಇಲ್ಲಿ ನೆನೆಯಬೇಕು: ರೋಗಿಗಳೊಡನೆ ಹೆಚ್ಚು ಒಡನಾಡಿದ ಕಾರಣಕ್ಕೆ ವೈದ್ಯರೇ ಹೆಚ್ಚಾಗಿ ಸತ್ತರು. ಒಂದೇ ಸನ್ನಿವೇಶದಲ್ಲಿ ಎರಡು ಬಗೆಯ ಆರೈಕೆದಾರರಿದ್ದರು. ಬದುಕಿ ಉಳಿದು ರಕ್ಷಣೆ ಪಡೆದವರು ಮತ್ತು ರಕ್ಷಣೆ ಪಡೆಯುವ ಮೊದಲೇ ಸತ್ತವರು.

ಆಹ್ವಾನಿಸಿದ ರೋಗ

ರೋಗ ತಾನಾಗಿ ಬರುವುದನ್ನು ಕಾಯದೆ ಅದನ್ನು ಹದಗೊಳಿಸಿ ಬರಮಾಡಿಕೊಳ್ಳುವ ಪದ್ಧತಿ ಲಸಿಕೆಗೆ ಬಹಳ ಮೊದಲೇ ಚೀನಾ, ಭಾರತ, ತುರ್ಕಿ, ಆಫ್ರಿಕಾಗಳಲ್ಲಿ ರೂಢಿಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಜೆ. ಜೆಡ್. ಹಾಲ್ವೆಲ್ 1767ರಲ್ಲಿ ಲಂಡನ್ನಿನ ವೈದ್ಯ ಸಂಸ್ಥೆಗೆ ಸಲ್ಲಿಸಿದ ಬರಹದಲ್ಲಿ ಬಂಗಾಳದ ಪದ್ಧತಿಯ ವಿವರಗಳಿವೆ. ವರ್ಷಕ್ಕೊಮ್ಮೆ ಸಣ್ಣ ಗುಂಪುಗಳಲ್ಲಿ ಬರುತ್ತಿದ್ದ ಬ್ರಾಹ್ಮಣರು ಹಿಂದಿನ ವರ್ಷ ಹೀಗೆಯೇ ಚುಚ್ಚಿಸಿಕೊಂಡವರ ಬೊಕ್ಕೆಯಿಂದ ಸಂಗ್ರಹಿಸಿದ ದ್ರವ್ಯವನ್ನು ಹತ್ತಿಯಲ್ಲಿ ಕಾಪಾಡಿ, ಗಂಗಾಜಲದಿಂದ ತೇವಗೊಳಿಸಿ, ಗೀರಿದ ಚರ್ಮಕ್ಕೆ ತಾಗಿಸುತ್ತಿದ್ದರು. ತಾನಾಗಿ ಬಂದ ಸಿಡುಬಿನಿಂದ ತೆಗೆದ ದ್ರವ್ಯವನ್ನು ಅವರು ಬಳಸುತ್ತಿರಲಿಲ್ಲ. ಮುಂಚಿತವಾಗಿ ಮೀನು, ಹಾಲು, ತುಪ್ಪಗಳನ್ನು ಬಿಡಬೇಕೆಂಬ ಪಥ್ಯವೂ, ಅನಂತರ ತಣ್ಣೀರು ಹುಯ್ಯುವ ಕ್ರಮವೂ ಇದ್ದವು. ಉತ್ತರ ಭಾರತದಲ್ಲಿ ಈ ವೃತ್ತಿಯವರನ್ನು ‘ಟೀಕಾದಾರ’ರೆಂದು ಕರೆದರು.

ಈ ಪದ್ಧತಿಯಲ್ಲಿ ದೊರೆಯುತ್ತಿದ್ದುದು ನಿಜವಾದ ಸಿಡುಬಿನ ಸೋಂಕೇ. ತಾನಾಗಿ ಬಂದ ಸಿಡುಬಿನಲ್ಲಿ ನೂರಕ್ಕೆ 20ರಿಂದ 30 ಜನರು ಸಾಯುತ್ತಿದ್ದರೆ, ಚುಚ್ಚಿ ತರಿಸಿಕೊಂಡ ಸಿಡುಬಿನಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಆದರೆ ಚುಚ್ಚಿಸಿಕೊಂಡವನು ಸುತ್ತಲಿನವರಿಗೆ ಪೂರ್ಣ ಪ್ರಮಾಣದ ಸಿಡುಬನ್ನು ಹರಡಬಲ್ಲವನಾಗಿದ್ದ. ಒಬ್ಬನ ರಕ್ಷಣೆಯ ಬೆಲೆಯನ್ನು ನೆರೆಯವನು ತೆರುವ ಸಾಧ್ಯತೆ ಇದರಲ್ಲಿತ್ತು.

1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬಾಕೆಯ ಕೈಯ ಗೋಸಿಡುಬಿನ ಬೊಕ್ಕೆಯಿಂದ ದ್ರವ ತೆಗೆದು ಎಂಟು ವರ್ಷದ ಜೇಮ್ಸ್ ಫಿಪ್ಸ್‌ಗೆ ಹಾಕಿದ ಪ್ರಯೋಗ ಈ ಅಪಾಯವನ್ನು ದೂರ ಮಾಡಿತು. ಗೋಸಿಡುಬು ಮನುಷ್ಯನಿಗೆ ಮಾರಕವಲ್ಲ. ಚುಚ್ಚಿಸಿಕೊಂಡವನಿಂದ ಸಿಡುಬು ಹರಡುವ ಭಯವೂ ಇಲ್ಲ. ಈ ಪ್ರಯೋಗಕ್ಕೆ ಆಧಾರವಾದದ್ದೂ ಒಂದು ಜನಪದ ತಿಳಿವಳಿಕೆಯೇ. ಹಾಲು ಕರೆಯುವವರಿಗೆ ಹಸುವಿನಿಂದ ಬೊಕ್ಕೆ ಬಂದರೆ ಮುಂದೆ ಸಿಡುಬು ಬಾರದು ಎಂಬುದು ಆ ಸೀಮೆಯ ರೈತಾಪಿ ಜನರ ನಂಬಿಕೆಯಾಗಿತ್ತು.

ಮೈಸೂರು ಅರಮನೆಯ ಒಂದು ಚಿತ್ರ

ಜೆನ್ನರನ ಲಸಿಕೆ ಬಾಗ್ದಾದ್ ಮತ್ತು ಬಸ್ರಾಗಳ ಮೂಲಕ 1802ರಲ್ಲಿ ಮುಂಬಯಿ ತಲುಪಿತು. ಆ ವರ್ಷದ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಭಾರತದಲ್ಲಿ ಯಶಸ್ವಿಯಾಗಿ ಲಸಿಕೆ ಪಡೆದ ಮೊದಲ ವ್ಯಕ್ತಿಯಾಯಿತು. ಆ ಮಗುವಿನ ತೋಳಿನಿಂದ ಇತರ ಮಕ್ಕಳ ತೋಳುಗಳಿಗೆ, ಅಲ್ಲಿಂದ ಇತರ ಊರುಗಳಿಗೆ ಲಸಿಕೆ ಸಾಗಿತು. ಕೆಲವೇ ವರ್ಷಗಳಲ್ಲಿ ಅದು ಮೈಸೂರು ಅರಮನೆಯನ್ನು ಮುಟ್ಟಿದ್ದಕ್ಕೆ ಒಂದು ವರ್ಣಚಿತ್ರ ಸಾಕ್ಷಿಯೆಂಬ ವಾದವಿದೆ.

ಐರ್ಲೆಂಡ್ ಮೂಲದ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ಈ ತೈಲಚಿತ್ರದಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಇದನ್ನು ನರ್ತಕಿಯರ ಚಿತ್ರವೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವರು ಮೈಸೂರು ರಾಜಮನೆತನದ ಸ್ತ್ರೀಯರೆಂದು ವಾದಿಸಿದರು. ಅವರ ಪ್ರಕಾರ ಬಲಗಡೆ ಇರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಆಕೆ ಸೀರೆಯ ಸೆರಗಿನ ಮರೆಯಲ್ಲಿರಬೇಕಾದ ಎಡತೋಳನ್ನು ತೆರೆದು ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾಳೆ. ಎಡಗಡೆ ಇರುವವಳು ಹಿರಿಯ ರಾಣಿ. ಆಕೆಯ ಮೂಗಿನ ಕೆಳಗೆ ಮತ್ತು ಬಾಯಿಯ ಸುತ್ತ ಬಣ್ಣ ಮಾಸಿದ ಗುರುತಿದೆ. ಸಿಡುಬಿನ ಒಣ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿಗೆ ಆಕೆ ಒಳಗಾಗಿದ್ದುದರ ಸೂಚನೆ ಇದು ಎಂದು ಅವರು ಓದುತ್ತಾರೆ. ನಡುವೆ ಇರುವ ಹಿರಿಯ ಸ್ತ್ರೀ ರಾಜಮಾತೆ ಲಕ್ಷ್ಮಮ್ಮಣ್ಣಿ ಇರಬಹುದೆಂಬುದು ಅವರ ಊಹೆ. ಲಸಿಕೆಯ ಪ್ರಚಾರಕ್ಕಾಗಿಯೇ ಈ ಚಿತ್ರ ರಚನೆಯಾಯಿತು ಎಂಬುದು ಈ ವಾದದ ತಿರುಳು.

ಈ ಓದನ್ನು ಒಪ್ಪುವುದಾದರೆ, ಒಂದೇ ಚೌಕಟ್ಟಿನಲ್ಲಿ ಎರಡು ಬಗೆಯ ರಕ್ಷಣೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದ ಅಪರೂಪದ ದಾಖಲೆ ಇದಾಗುತ್ತದೆ. ಒಬ್ಬಳು ನಿಜವಾದ ಸಿಡುಬನ್ನೇ ಹದಗೊಳಿಸಿದ ರೂಪದಲ್ಲಿ ಅನುಭವಿಸಿದವಳು, ಇನ್ನೊಬ್ಬಳು ಬೇರೊಂದು ಸೌಮ್ಯ ಸೋಂಕಿನ ಮೂಲಕ ರಕ್ಷಣೆ ಪಡೆದವಳು. ಇಬ್ಬರೂ ರಕ್ಷಿತರೇ, ಆದರೆ ಒಬ್ಬಳ ಮುಖದ ಮೇಲೆ ಬೆಲೆಯ ಗುರುತಿದೆ, ಇನ್ನೊಬ್ಬಳ ತೋಳಿನ ಮೇಲೆ ಸಣ್ಣ ಚುಕ್ಕೆ ಮಾತ್ರ. ಚಿತ್ರ ಹೇಳುವ ವಾದ ಬಲಾಬಲದ್ದಲ್ಲ, ಬೆಲೆಯದ್ದು. ರಾಜಮನೆತನದ ಇಂತಹ ಚಿತ್ರ ಉಳಿದುಬಂದಿದೆ. ತೋಳಿನಿಂದ ತೋಳಿಗೆ ಲಸಿಕೆಯನ್ನು ಸಾಗಿಸಿದ, ತಮ್ಮ ಬೊಕ್ಕೆಯ ದ್ರವವನ್ನು ಊರಿಂದ ಊರಿಗೆ ಹೊತ್ತ ಬಡ ಮಕ್ಕಳಿಗೆ ಇಂತಹ ಚಿತ್ರಗಳಿಲ್ಲ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಸಂಶಯ, ಕಾನೂನು ಮತ್ತು ನೆಲದ ಹೆಸರು

ತೋಳಿನಿಂದ ತೋಳಿಗೆ ಹಾಕುವ ವಿಧಾನದಲ್ಲಿ ಒಬ್ಬರ ಮೈಯ ದ್ರವ ಮತ್ತೊಬ್ಬರ ಮೈಗೆ ಸೇರುತ್ತಿದ್ದುದರಿಂದ ಜಾತಿಯ ಪ್ರಶ್ನೆ ಎದ್ದಿತು. ಇತರ ಕಾಯಿಲೆಗಳು ದಾಟಿ ಬರುವ ನಿಜವಾದ ಅಪಾಯವೂ ಇತ್ತು. ಲಸಿಕೆ ಹಾಕುವ ಸರ್ಕಾರಿ ನೌಕರನಿಗೆ ಟೀಕಾದಾರನಿಗಿದ್ದ ವಿಧಿವಿಧಾನಗಳ ಬಲ ಇರಲಿಲ್ಲ. ಹಳೆಯ ಪದ್ಧತಿಯಲ್ಲಿ ಪಥ್ಯ, ಪೂಜೆ, ಸೇವೆಗಳ ಮೂಲಕ ಇಡೀ ಮನೆ ಭಾಗವಹಿಸುತ್ತಿತ್ತು. ಹೊಸ ಪದ್ಧತಿಯಲ್ಲಿ ಮನೆಯವರಿಗೆ ಮಾಡಲು ಏನೂ ಉಳಿಯಲಿಲ್ಲ. ಜನರ ಹಿಂಜರಿಕೆಯನ್ನು ಅಜ್ಞಾನವೆಂದು ಮಾತ್ರ ವಿವರಿಸಿದ ಅಧಿಕಾರಿಗಳ ಬರಹಗಳು ಈ ಅಂಶವನ್ನು ಗಣನೆಗೆ ತೆಗೆದುಕೊಂಡಿಲ್ಲ. 1880ರಲ್ಲಿ ಬಂದ ಲಸಿಕಾ ಕಾಯಿದೆ ತಾನು ಅನ್ವಯವಾದ ಪಟ್ಟಣ ಮತ್ತು ದಂಡುಪ್ರದೇಶಗಳಲ್ಲಿ ಹಳೆಯ ಪದ್ಧತಿಯನ್ನು ನಿಷೇಧಿಸಿ ಮಕ್ಕಳಿಗೆ ಲಸಿಕೆಯನ್ನು ಕಡ್ಡಾಯಗೊಳಿಸಿತು.

ಕರುಗಳ ಚರ್ಮದ ಮೇಲೆ ಲಸಿಕೆಯನ್ನು ಬೆಳೆಸುವ ವಿಧಾನ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದ ಮೇಲೆ ತೋಳಿನಿಂದ ತೋಳಿಗೆ ಹಾಕುವ ಕ್ರಮ ಹಿಂದೆ ಸರಿಯಿತು. ಸಿಡುಬಿನ ಲಸಿಕೆಯನ್ನು ತಯಾರಿಸುತ್ತಿದ್ದ ಬೆಳಗಾವಿಯ ಸಂಸ್ಥೆಯ ಆವರಣ ‘ವ್ಯಾಕ್ಸಿನ್ ಡಿಪೋ’ ಎಂಬ ಸ್ಥಳನಾಮವಾಗಿ ಉಳಿದಿದೆ. ದೇವಿಯ ಹೆಸರಿನ ಗುಡಿಗಳಂತೆ ಲಸಿಕೆಯ ಹೆಸರೂ ಕನ್ನಡ ನಾಡಿನ ನೆಲಕ್ಕೆ ಅಂಟಿಕೊಂಡಿರುವುದಕ್ಕೆ ಇದು ನಿದರ್ಶನ.

ಇದೇ ಅವಧಿಯಲ್ಲಿ ಬಂದ ಪ್ಲೇಗು ಬೇರೆಯ ಪಾಠವನ್ನು ಕಲಿಸಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಸೋಂಕಿದವರಲ್ಲಿ ಬದುಕುತ್ತಿದ್ದವರು ಕಡಿಮೆಯಾದುದರಿಂದ, ರೋಗ ಬಂದು ಹೋದ ಅನುಭವಿಗಳೇ ಆರೈಕೆಗೆ ನಿಲ್ಲುವ ಸಿಡುಬಿನ ಕ್ರಮ ಇಲ್ಲಿ ನಡೆಯಲಿಲ್ಲ. ಜನರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿದರು. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಹೆಸರಿನ ದೇವತೆಗಳು ನೆಲೆಗೊಂಡರು. 1897ರ ಜನವರಿ 10ರಂದು ಮುಂಬಯಿಯಲ್ಲಿ ವಾಲ್ಡೆಮರ್ ಹಾಫ್‌ಕಿನ್ ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಬಂದು ಹೋಗುವ ದಾರಿ ಬಹುಮಟ್ಟಿಗೆ ಮುಚ್ಚಿದ್ದ ರೋಗದಲ್ಲಿ ಹಾಕಿಸಿಕೊಳ್ಳುವ ದಾರಿಯೊಂದೇ ಭರವಸೆಯಾಗಿತ್ತು. ಎರಡು ರಕ್ಷಣೆಗಳನ್ನು ತೂಗಿ ನೋಡುವ ಅವಕಾಶವೇ ಬದುಕುಳಿಯುವ ಪ್ರಮಾಣವನ್ನು ಅವಲಂಬಿಸಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದೇಹದ ನೆನಪಿನ ಅವಧಿ

ಬಂದು ಹೋದ ರೋಗದ ನೆನಪು ದೇಹದಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳದು. 1846ರಲ್ಲಿ ಅಲ್ಲಿ ದಡಾರ ಹಬ್ಬಿದಾಗ ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್, 1781ರ ಹಿಂದಿನ ಹಾವಳಿಯಲ್ಲಿ ದಡಾರ ಬಂದಿದ್ದ ವೃದ್ಧರಿಗೆ 65 ವರ್ಷಗಳ ಬಳಿಕವೂ ಅದು ಮರಳಿ ಬರಲಿಲ್ಲವೆಂದು ಗುರುತಿಸಿದ. ಇದಕ್ಕೆ ಎದುರಾಗಿ, ಸಿಡುಬಿನ ಲಸಿಕೆಯ ರಕ್ಷಣೆ ಜೀವನಪರ್ಯಂತ ಇರುತ್ತದೆಂಬ ಜೆನ್ನರನ ನಂಬಿಕೆ ಸರಿಯಲ್ಲವೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದು, ಮರುಲಸಿಕೆಯ ಕ್ರಮ ಜಾರಿಗೆ ಬಂದಿತು. 1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಸಾಟೊ ಶಿಬಸಬುರೊ ರಕ್ತದ ದ್ರವಾಂಶದಲ್ಲಿ ವಿಷವನ್ನು ನಿಷ್ಫಲಗೊಳಿಸುವ ಶಕ್ತಿಯಿದೆಯೆಂದು ತೋರಿಸಿದ ಮೇಲೆ, ದೇಹದ ಈ ನೆನಪನ್ನು ಅಳೆಯುವ ಮಾರ್ಗ ತೆರೆಯಿತು.

ಸಿಡುಬಿನ ಕೊನೆಯ ಅಧ್ಯಾಯದ ಇಬ್ಬರೂ ಆರೋಗ್ಯ ಸಂಸ್ಥೆಗಳ ಸಿಬ್ಬಂದಿ ಎಂಬುದು ಗಮನಿಸಬೇಕಾದ ಸಂಗತಿ. ತಾನಾಗಿ ಬಂದ ಸಿಡುಬಿನ ಜಗತ್ತಿನ ಕೊನೆಯ ರೋಗಿ, 1977ರ ಅಕ್ಟೋಬರಿನಲ್ಲಿ ಸೋಮಾಲಿಯಾದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್, ಆಸ್ಪತ್ರೆಯ ಅಡುಗೆಯವನಾಗಿದ್ದ. ಅವನಿಗೆ ಪರಿಣಾಮಕಾರಿಯಾಗಿ ಲಸಿಕೆ ಆಗಿರಲಿಲ್ಲ. ಬದುಕಿ ಉಳಿದ ಅವನು ಮುಂದೆ ಪೋಲಿಯೊ ಲಸಿಕೆಯ ಪ್ರಚಾರಕ್ಕಾಗಿ ದುಡಿದು 2013ರಲ್ಲಿ ತೀರಿಕೊಂಡ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೈದ್ಯಕೀಯ ಶಾಲೆಯಲ್ಲಿ ಛಾಯಾಚಿತ್ರಕಾರಳಾಗಿದ್ದ ಜಾನೆಟ್ ಪಾರ್ಕರ್ ಸಿಡುಬಿನಿಂದ ಸತ್ತ ಕೊನೆಯ ವ್ಯಕ್ತಿ. ಆಕೆ 1966ರಲ್ಲಿ ಲಸಿಕೆ ಪಡೆದಿದ್ದಳು. ಹನ್ನೆರಡು ವರ್ಷಗಳಲ್ಲಿ ಅದರ ಬಲ ಕುಂದಿತ್ತು. ಒಬ್ಬನಿಗೆ ಲಸಿಕೆಯ ಅಭಾವ, ಇನ್ನೊಬ್ಬಳಿಗೆ ಲಸಿಕೆಯ ಮುಪ್ಪು. ಲಸಿಕೆಯನ್ನು ಎಷ್ಟು ಗೌರವಿಸಬೇಕೋ ಅಷ್ಟೇ ಎಚ್ಚರದಿಂದ ಅದರ ಮಿತಿಯನ್ನೂ ಅರಿಯಬೇಕೆಂಬುದನ್ನು ಈ ಎರಡು ಪ್ರಸಂಗಗಳು ಒಟ್ಟಾಗಿ ಹೇಳುತ್ತವೆ.

ಕೋವಿಡ್ ಕಾಲದ ತುಲನೆ

2020ರ ಮಾರ್ಚಿನಲ್ಲಿ ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯಿಂದ ವರದಿಯಾಯಿತು. ಆ ರೋಗಿಗೆ ಚಿಕಿತ್ಸೆ ನೀಡಿದ ವೈದ್ಯರೊಬ್ಬರಿಗೂ ಸೋಂಕು ತಗುಲಿತು. ಹೊಸ ರೋಗವಾದುದರಿಂದ ‘ಬಂದು ಹೋದವರು’ ಎಂಬ ರಕ್ಷಿತರ ವರ್ಗವೇ ಇರಲಿಲ್ಲ. ಅಜ್ಜಿಯ ಮುಖದ ಕಲೆಯಂತಹ ಅರ್ಹತಾಪತ್ರ ಯಾರ ಬಳಿಯೂ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಯ ಸಿಬ್ಬಂದಿ ರೋಗಿಗಳ ಬಳಿ ನಿಂತರು. 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಜಗತ್ತಿನಾದ್ಯಂತ 80,000ದಿಂದ 1,80,000ದಷ್ಟು ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ಸತ್ತಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ರೋಗ ಬಂದು ಹೋದವರ ರಕ್ಷಣೆಯನ್ನು ಅಳೆದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಒಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆಗಳದು. 2020ರ ಕೊನೆಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 12,541 ಸಿಬ್ಬಂದಿಯ ರಕ್ತವನ್ನು ಪರೀಕ್ಷಿಸಲಾಗಿತ್ತು. ಪ್ರತಿಕಾಯಗಳಿಲ್ಲದ 11,364 ಜನರಲ್ಲಿ 223 ಮಂದಿಗೆ ಮುಂದೆ ಸೋಂಕು ತಗುಲಿದರೆ, ಪ್ರತಿಕಾಯಗಳಿದ್ದ 1,265 ಜನರಲ್ಲಿ ಇಬ್ಬರಿಗೆ ಮಾತ್ರ, ಅದೂ ಲಕ್ಷಣಗಳಿಲ್ಲದೆ, ಸೋಂಕು ಕಂಡಿತು. ಅವಲೋಕನದ ಅವಧಿಯಲ್ಲಿ ಕೆಲವರ ಸ್ಥಿತಿ ಬದಲಾದುದರಿಂದ ಈ ಎರಡು ಗುಂಪುಗಳ ಮೊತ್ತ ಒಟ್ಟು ಸಂಖ್ಯೆಗಿಂತ ಸ್ವಲ್ಪ ಹೆಚ್ಚಾಗಿದೆ. ಬ್ರಿಟನ್ನಿನ ಆಸ್ಪತ್ರೆಗಳ 25,661 ಕಾರ್ಯಕರ್ತರನ್ನು ಒಳಗೊಂಡ ‘ಸೈರನ್’ ಅಧ್ಯಯನ, ಹಿಂದಿನ ಸೋಂಕು ಮರುಸೋಂಕಿನ ಅಪಾಯವನ್ನು ಶೇಕಡಾ 84ರಷ್ಟು ತಗ್ಗಿಸುತ್ತದೆಂದು 2021ರಲ್ಲಿ ವರದಿ ಮಾಡಿತು. ಅಮ್ಮ ಬಂದು ಹೋದ ಮೈಗೆ ಸುಲಭವಾಗಿ ಮರಳುವುದಿಲ್ಲ ಎಂಬ ಹಳೆಯ ತಿಳಿವಳಿಕೆಗೆ ಇದು ಬೆಂಬಲವೆಂದೇ ಹೇಳಬಹುದು.

ಲಸಿಕೆಯ ಕಡೆಯಿಂದ ಬಂದ ಪುರಾವೆಗಳೂ ಆರೋಗ್ಯ ಕಾರ್ಯಕರ್ತರವೇ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ 10,600 ಸಿಬ್ಬಂದಿಯಲ್ಲಿ 8,991 ಮಂದಿ 2021ರ ಜನವರಿಯಿಂದ ಏಪ್ರಿಲ್ ನಡುವೆ ಲಸಿಕೆ ಪಡೆದರು, ಬಹುಪಾಲು ಕೋವಿಶೀಲ್ಡ್. ಎರಡನೆಯ ಅಲೆಯಲ್ಲಿ ಎರಡು ಡೋಸ್‌ಗಳ ರಕ್ಷಣೆ ಸೋಂಕಿನ ವಿರುದ್ಧ ಶೇಕಡಾ 65, ಆಸ್ಪತ್ರೆಗೆ ದಾಖಲಾಗುವುದರ ವಿರುದ್ಧ ಶೇಕಡಾ 77, ಆಮ್ಲಜನಕದ ಅಗತ್ಯದ ವಿರುದ್ಧ ಶೇಕಡಾ 92, ತೀವ್ರ ನಿಗಾ ಘಟಕದ ಅಗತ್ಯದ ವಿರುದ್ಧ ಶೇಕಡಾ 94 ಎಂದು ಅಲ್ಲಿಯ ಸಂಶೋಧಕರು ದಾಖಲಿಸಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಿಬ್ಬಂದಿಯಲ್ಲಿ ಡೆಲ್ಟಾ ಹಾವಳಿಯ ಕಾಲದಲ್ಲಿ ನಡೆದ ಅಧ್ಯಯನ, ಲಕ್ಷಣಸಹಿತ ರೋಗದ ವಿರುದ್ಧ ಕೋವ್ಯಾಕ್ಸಿನ್‌ನ ಎರಡು ಡೋಸ್‌ಗಳ ಪರಿಣಾಮ ಶೇಕಡಾ 50ರಷ್ಟು ಎಂದು ತೋರಿಸಿತು. ಸೋಂಕನ್ನು ತಡೆಯುವುದರಲ್ಲಿ ಸಾಧಾರಣವಾಗಿದ್ದ ಲಸಿಕೆ ಉಸಿರನ್ನು ಉಳಿಸುವುದರಲ್ಲಿ ಬಲವಾಗಿತ್ತೆಂಬುದನ್ನು ವೆಲ್ಲೂರಿನ ಅಂಕಿಗಳು ಹೇಳುತ್ತವೆ.

ಎರಡು ದಾರಿಗಳೂ ಒಂದೇ ದೇಹದಲ್ಲಿ ಕೂಡಿದಾಗ ಫಲ ಇನ್ನೂ ಹೆಚ್ಚಾಯಿತು. ಸೈರನ್ ಅಧ್ಯಯನದ 2022ರ ವರದಿಯ ಪ್ರಕಾರ, ಸೋಂಕು ಬರದೆ ಲಸಿಕೆ ಮಾತ್ರ ಪಡೆದವರ ರಕ್ಷಣೆ ಆರು ತಿಂಗಳ ಬಳಿಕ ಗಣನೀಯವಾಗಿ ಕುಂದಿದರೆ, ಸೋಂಕು ಬಂದ ಮೇಲೆ ಲಸಿಕೆಯನ್ನೂ ಪಡೆದವರ ರಕ್ಷಣೆ ಒಂದು ವರ್ಷಕ್ಕೂ ಹೆಚ್ಚು ಕಾಲ ಉನ್ನತ ಮಟ್ಟದಲ್ಲಿಯೇ ಉಳಿದಿತ್ತು.

ಆದರೆ ವೈರಾಣು ರೂಪ ಬದಲಿಸಿದಾಗ ಎರಡು ರಕ್ಷಣೆಗಳೂ ಸಡಿಲಗೊಂಡವು. 2021ರ ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಕರ್ನಾಟಕದಿಂದ ವರದಿಯಾದವು. ಅವರಲ್ಲಿ ಒಬ್ಬರು ವಿದೇಶ ಪ್ರವಾಸ ಮಾಡಿರದ, ಎರಡೂ ಡೋಸ್ ಪಡೆದಿದ್ದ ಬೆಂಗಳೂರಿನ ವೈದ್ಯರು. ಕತಾರ್ ದೇಶದ ಅಧ್ಯಯನವೊಂದರಲ್ಲಿ, ಹಿಂದಿನ ಸೋಂಕು ಮರುಸೋಂಕಿನ ವಿರುದ್ಧ ನೀಡುತ್ತಿದ್ದ ರಕ್ಷಣೆ ಡೆಲ್ಟಾಕ್ಕೆ ಶೇಕಡಾ 92 ಇದ್ದುದು ಒಮಿಕ್ರಾನ್‌ಗೆ ಶೇಕಡಾ 56ಕ್ಕೆ ಇಳಿಯಿತು; ತೀವ್ರ ಕಾಯಿಲೆಯ ವಿರುದ್ಧದ ರಕ್ಷಣೆ ಬಹುಮಟ್ಟಿಗೆ ಉಳಿಯಿತು. ಸಿಡುಬಿನ ದೇವತೆ ಒಮ್ಮೆ ಬಂದರೆ ಮರಳದವಳು. ಕೊರೊನಾ ವೇಷ ಬದಲಿಸಿ ಮರಳುವಂಥದು. 2022ರ ಜನವರಿ 10ರಿಂದ ಆರೋಗ್ಯ ಕಾರ್ಯಕರ್ತರಿಗೆ ಮುನ್ನೆಚ್ಚರಿಕೆ ಡೋಸ್ ಆರಂಭಿಸಿದ್ದು ಈ ಹಿನ್ನೆಲೆಯಲ್ಲಿ.

ಗುರುತುಗಳ ಓದು

ಮೈಸೂರಿನ ಚಿತ್ರದಲ್ಲಿ ತುಟಿಯ ಮೇಲಿನ ಗುರುತನ್ನೂ ತೋಳನ್ನೂ ನೋಡಿ ಎರಡು ರಕ್ಷಣೆಗಳನ್ನು ಬೇರ್ಪಡಿಸುವಂತೆ, ಪ್ರಯೋಗಾಲಯಗಳು ರಕ್ತದಲ್ಲಿನ ಗುರುತುಗಳನ್ನು ಓದಿದವು. ಕೋವಿಶೀಲ್ಡ್‌ನಂತಹ ಲಸಿಕೆಗಳು ವೈರಾಣುವಿನ ಮುಳ್ಳಿನಂತಹ ಹೊರಪ್ರೋಟೀನ್ ಒಂದನ್ನೇ ದೇಹಕ್ಕೆ ಪರಿಚಯಿಸುತ್ತವೆ. ನಿಜವಾದ ಸೋಂಕು ವೈರಾಣುವಿನ ಒಳಭಾಗದ ಪ್ರೋಟೀನ್‌ಗೂ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಎರಡನೆಯ ಬಗೆಯ ಪ್ರತಿಕಾಯ ಕಂಡರೆ ರೋಗ ಬಂದು ಹೋಗಿದೆಯೆಂದು ತಿಳಿಯಬಹುದು. ಆದರೆ ನಿಷ್ಕ್ರಿಯಗೊಳಿಸಿದ ಇಡೀ ವೈರಾಣುವಿನಿಂದ ತಯಾರಾದ ಕೋವ್ಯಾಕ್ಸಿನ್ ಪಡೆದವರಲ್ಲಿ ಈ ಭೇದ ಅಷ್ಟು ಸ್ಪಷ್ಟವಲ್ಲ. ಬಂದ ದೇವಿ ಯಾರು, ಹಾಕಿಸಿಕೊಂಡ ದೇವಿ ಯಾರು ಎಂದು ರಕ್ತವೂ ಯಾವಾಗಲೂ ಹೇಳಲಾರದು.

ಪ್ರತಿಕಾಯಗಳ ಸಂಖ್ಯೆಯೇ ರಕ್ಷಣೆಯ ಪೂರ್ಣ ಅಳತೆಯೂ ಅಲ್ಲ. ಕಾಲ ಕಳೆದಂತೆ ಅವು ಇಳಿಯುತ್ತವೆ. ಅವುಗಳ ಹಿಂದೆ ಸ್ಮೃತಿಕೋಶಗಳು ಉಳಿದು ಮರುದಾಳಿಯ ವೇಳೆ ಎಚ್ಚರಗೊಳ್ಳುತ್ತವೆ. ಆದಕಾರಣ ರಕ್ಷಣೆ ಇದೆಯೇ ಎಂದು ತಿಳಿಯಲು ಪ್ರತಿಕಾಯ ಪರೀಕ್ಷೆಯನ್ನು ಅವಲಂಬಿಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರ ಮೇ ತಿಂಗಳಲ್ಲಿ ಸೂಚಿಸಿತು.

ಈ ಅಳತೆಗಳ ನಡುವೆಯೂ ಜನಪದ ತನ್ನ ದಾರಿಯಲ್ಲಿ ನಡೆಯಿತು. 2021ರಲ್ಲಿ ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನ ಗುಡಿ ಎದ್ದಿತು. ಮಾರಮ್ಮನಿಗೆ ಆರತಿ ಒಯ್ದು ಲಸಿಕೆಯ ಸಾಲಿನಲ್ಲಿ ನಿಲ್ಲುವುದರಲ್ಲಿ ವಿರೋಧ ಕಾಣದಿರುವುದು, ‘ದೇವಿ ಹಾಕಿಸುವುದು’ ಎಂಬ ಮಾತನ್ನು ಕಟ್ಟಿದ ಮನೋಧರ್ಮದ ಮುಂದುವರಿಕೆಯೇ ಆಗಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ರೋಗ ಬಂದು ಹೋದ ದೇಹಕ್ಕೆ ರಕ್ಷಣೆಯಿದೆ ಎಂಬ ಜನಪದ ತಿಳಿವಳಿಕೆ ನಿಜವಾದುದು; ಕೋವಿಡ್ ಕಾಲದ ಆಸ್ಪತ್ರೆಗಳ ಅಧ್ಯಯನಗಳು ಅದನ್ನು ಅಲ್ಲಗಳೆದಿಲ್ಲ. ಆದರೆ ಆ ತಿಳಿವಳಿಕೆಯ ಸಾಕ್ಷಿಗಳೆಲ್ಲ ಬದುಕಿ ಉಳಿದವರು. ಸಿಡುಬಿನ ಮನೆಯಲ್ಲಿ ಮಗುವಿನ ಬಳಿ ಕುಳಿತ ಅಜ್ಜಿಯ ಕಲೆ ಕಾಣುತ್ತದೆ; ಅವಳೊಡನೆ ಅದೇ ವರ್ಷ ಸಿಡುಬು ಬಂದು ಬದುಕದ ಒಡಹುಟ್ಟಿದವರು ಕಾಣುವುದಿಲ್ಲ. ಆಕ್ಸ್‌ಫರ್ಡಿನ ಅಧ್ಯಯನದಲ್ಲಿ ಪ್ರತಿಕಾಯ ಪಡೆದವರಾಗಿ ಎಣಿಕೆಗೆ ಸಿಕ್ಕ 1,265 ಜನರು ಎಣಿಕೆಯ ಹೊತ್ತಿಗೆ ಬದುಕಿದ್ದವರು. ಸತ್ತವರ ರಕ್ತದಲ್ಲಿ ನಿರೋಧಕತೆಯನ್ನು ಅಳೆಯುವ ಪ್ರಯೋಗಾಲಯವಿಲ್ಲ.

ಎರಡು ದಾರಿಗಳನ್ನು ಬಲದ ಮಾನದಂಡದಿಂದ ಮಾತ್ರ ಹೋಲಿಸಿದಾಗ ಈ ಅಂಶ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಲಸಿಕೆಯ ರಕ್ಷಣೆ ಕುಂದಬಹುದು, ಅದನ್ನು ನವೀಕರಿಸಬೇಕಾಗಬಹುದು. ಆದರೂ ರೋಗಿಯ ಬಳಿಗೆ ಹೋಗುವ ಮುನ್ನವೇ ಆರೈಕೆ ಮಾಡುವವರಿಗೆ ಒದಗಬಲ್ಲ ರಕ್ಷಣೆ ಅದೊಂದೇ. ರೋಗದಿಂದ ಬರುವ ರಕ್ಷಣೆ ಎಷ್ಟೇ ಗಟ್ಟಿಯಾದರೂ ರೋಗ ಬಂದ ಮೇಲಿನದು. ಪೂರ್ವದ ಸಮಾಜ ಬದುಕುಳಿದವರನ್ನು ಆರೈಕೆಗೆ ನೇಮಿಸಿಕೊಂಡಿತು, ಏಕೆಂದರೆ ಬೇರೆ ದಾರಿ ಅದಕ್ಕೆ ಇರಲಿಲ್ಲ. ಲಸಿಕೆಯನ್ನು ಬಲ್ಲ ಸಮಾಜ ತನ್ನ ದಾದಿಯರಿಂದ, ಆಶಾ ಕಾರ್ಯಕರ್ತೆಯರಿಂದ, ಆಸ್ಪತ್ರೆಯ ಕಸ ತೆಗೆಯುವವರಿಂದ ಅದೇ ಬೆಲೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಸಾಂಕ್ರಾಮಿಕಗಳ ಚರಿತ್ರೆಯನ್ನು ಬರೆಯುವವರು ಲಸಿಕೆಯ ಆವಿಷ್ಕಾರಕರ ಹೆಸರುಗಳೊಡನೆ, ತಮ್ಮ ದೇಹವನ್ನೇ ಪುರಾವೆಯಾಗಿ ಒದಗಿಸಿದ ಈ ಆರೈಕೆದಾರರ ಪರಂಪರೆಯನ್ನೂ ದಾಖಲಿಸುವುದು ಅವಶ್ಯ. ಸಿಡುಬನ್ನು ಕಂಡ ತಲೆಮಾರಿನ ಹಿರಿಯರು ಕಣ್ಮರೆಯಾಗುತ್ತಿರುವ ಈ ಕಾಲದಲ್ಲಿ ‘ದೇವಿ ಹಾಕಿಸಿದ’ ನೆನಪುಗಳ ಸಂಗ್ರಹ, ಕೋವಿಡ್ ವಾರ್ಡುಗಳಲ್ಲಿ ದುಡಿದವರ ಮೌಖಿಕ ಚರಿತ್ರೆಯ ಸಂಗ್ರಹ ಎರಡೂ ಜಾನಪದ ಅಧ್ಯಯನದ ಮುಂದಿರುವ ಹೊಣೆಗಳಾಗಿವೆ.